ಔಟಾದವನು ಮತ್ತೆ ಒಳಗೆ ಬರುವ ಆಟ

ಪಾಲಕರ ಸಭೆ ಕರೆದಾಗಲೆಲ್ಲ ನಮಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಗುರೂಜಿ, ಆಟದ ತಾಸು ಅಂತ ಬ್ಯಾರೆ ಯಾಕ ಇಟ್ಟೀರಿ? ಹುಡುಗ್ರು ಓಣ್ಯಾಗ ಹೆಂಗೂ ಆಡ್ತಾವ. ಆ ಹೊತ್ತಿನಾಗ ನಾಕು ಗಣಿತ ಮಾಡಸ್ರಲ್ಲ." ಇದಕ್ಕೆ ನಮ್ಮಂಥ ಮಾಸ್ತರರ ಬಳಿ ಒಂದು ಸಿದ್ಧ ಉತ್ತರವಿದೆ: ಸಾಂಘಿಕ ಆಟದಿಂದ ಮಕ್ಕಳಲ್ಲಿ ಒಗ್ಗಟ್ಟು ಬೆಳೆಯುತ್ತದೆ. ಟಿ.ಸಿ.ಎಚ್. ಪರೀಕ್ಷೆಯಲ್ಲಿ ಇದೇ ವಾಕ್ಯ ಬರೆದು ಅಂಕ ತೆಗೆದುಕೊಂಡವರು ನಾವು. ಆದರೆ ದಿನವೂ ಮೈದಾನದಲ್ಲಿ ನಿಂತು ನೋಡುವವರಿಗೆ ಗೊತ್ತು, ಆಟ ಆಡಿಸಿದರೆ ಜಗಳವೂ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ! ಹನ್ನೆರಡು ಹದಿಮೂರರ ಹುಡುಗರನ್ನು ಎರಡು ಗುಂಪು ಮಾಡಿ ಬಿಟ್ಟು ನೋಡಿ. ಹತ್ತು ನಿಮಿಷದಲ್ಲಿ ಗಟ್ಟಿ ಇದ್ದವನೇ ಎಲ್ಲ ಆಡುತ್ತಾನೆ, ಸಣ್ಣವನು ಗೆರೆಯ ಹೊರಗೆ ಕುಳಿತು ಮಣ್ಣು ಕೆದಕುತ್ತಾನೆ.

ಹಾಗಿದ್ದರೆ ಈ 'ಒಗ್ಗಟ್ಟು' ಎಂಬ ಮಾತು ಆಟದೊಳಗೆ ಎಲ್ಲಿಂದ ಬಂತು? ಯಾರು ತಂದರು, ಏತಕ್ಕೆ ತಂದರು? ಇದನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಸ್ವಲ್ಪ ದೂರದಿಂದ ಆರಂಭಿಸಬೇಕಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಕಡೆ ಹಿಂದೆ ವ್ಯಾಯಾಮವೆಂದರೆ ತಾಲೀಮು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಯಾವ ಕಡೆ ಹೋದರೂ ಕೆಮ್ಮಣ್ಣಿನ ಹೌದಿ, ದಂಡ, ಬೈಠಕ್, ಕುಸ್ತಿ. ಕುಸ್ತಿಯಲ್ಲಿ ಒಬ್ಬನಿಗೆ ಒಬ್ಬನೇ ಎದುರಾಳಿ. ಗೆದ್ದರೆ ಊರಿಗೆ ಹೆಸರು ಬರುವುದು ನಿಜ, ಆದರೆ ಕಣದೊಳಗೆ ಪೈಲವಾನ ಒಬ್ಬನೇ. ಕೂಡಿ ಆಡುವ ಹುತುತು, ಲಗೋರಿ, ಖೋಖೋ ಇವೆಲ್ಲ ಬಯಲಿನಲ್ಲಿ, ಓಣಿಯಲ್ಲಿ ಮಕ್ಕಳು ತಾವೇ ಆಡಿಕೊಳ್ಳುತ್ತಿದ್ದ ಆಟಗಳು. ಅವುಗಳಿಗೆ ಪುಸ್ತಕವಿರಲಿಲ್ಲ, ಮಾಸ್ತರರಿರಲಿಲ್ಲ. ಶಾಲೆಗೂ ಅವಕ್ಕೂ ಸಂಬಂಧವೇ ಇರಲಿಲ್ಲ.

ಆಟವನ್ನು ಶಾಲೆಯ ಶಿಸ್ತಿಗೆ ಬಳಸಬಹುದು ಎಂಬ ವಿಚಾರ ಗಟ್ಟಿಯಾದದ್ದು ಇಂಗ್ಲೆಂಡಿನ ವಸತಿ ಶಾಲೆಗಳಲ್ಲಿ. ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯ ಥಾಮಸ್ ಅರ್ನಾಲ್ಡ್ (1828ರಿಂದ 1841) ಇದನ್ನು ಆರಂಭಿಸಿದರು ಎಂದು ಅನೇಕರು ಹೇಳುವುದುಂಟು. ಆದರೆ ಅರ್ನಾಲ್ಡರಿಗೆ ಆಟದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಅವರ ಕೈಕೆಳಗೆ ಅಲ್ಲಿಯೇ ಮಾಸ್ತರಾಗಿದ್ದ ಜಾರ್ಜ್ ಕಾಟನ್ ಎಂಬುವರು 1852ರಲ್ಲಿ ಮಾರ್ಲ್‌ಬರೋ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಅದರ ಹಿಂದಿನ ವರ್ಷ, 1851ರಲ್ಲಿ, ಆ ಶಾಲೆಯ ಹುಡುಗರು ದಂಗೆಯನ್ನೇ ಎಬ್ಬಿಸಿದ್ದರು. ಬಿಡುವು ಸಿಕ್ಕರೆ ಸುತ್ತಲಿನ ಹೊಲಗಳಿಗೆ ನುಗ್ಗುವುದು, ಕದ್ದು ಬೇಟೆಯಾಡುವುದು ಅವರ ಕೆಲಸ. ಕಾಟನ್ನರು ಪಾಲಕರಿಗೆ 1853ರಲ್ಲಿ ಒಂದು ಸುತ್ತೋಲೆ ಕಳಿಸಿ, ಬಿಡುವಿನ ಹೊತ್ತನ್ನು ಶಾಲೆಯ ಮೈದಾನದ ಆಟಗಳಲ್ಲೇ ಕಳೆಯುವ ಏರ್ಪಾಡು ಮಾಡಿದರು. ಮಾಸ್ತರರೂ ಹುಡುಗರ ಜೊತೆ ಆಡಿದರು. ಅಂದರೆ ಮೊದಲ ಉದ್ದೇಶ ಒಗ್ಗಟ್ಟಲ್ಲ, ಹುಡುಗರನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು! (ಈ ಮಾತು ಓದಿ ನಮ್ಮ ಸಹೋದ್ಯೋಗಿಗಳು ಯಾರೂ ನಗಬಾರದು.) ತಂಡದ ಆಟ ಗುಣ ಕಟ್ಟುತ್ತದೆ ಎಂಬ ಮಾತಿಗೆ ರೆಕ್ಕೆ ಬಂದದ್ದು 1857ರಲ್ಲಿ ಥಾಮಸ್ ಹ್ಯೂಸ್ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಿಂದ.

ಇದೇ ಕಾಟನ್ನರು 1858ರಲ್ಲಿ ಕಲಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದರು. ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಯ ಹೆಸರು ಇವರದೇ.

ಅಲ್ಲಿಂದ ಮುಂದೆ ಈ ವಿಚಾರ ನಮ್ಮ ದೇಶದ ಮಕ್ಕಳ ಮೇಲೆ ಹೇಗೆ ಬಂತು ಎಂಬುದಕ್ಕೆ ಶ್ರೀನಗರದ ಕಥೆ ಒಂದು ಸಾಕು. ಟಿಂಡೇಲ್ ಬಿಸ್ಕೋ ಎಂಬ ಮಿಷನರಿ 1890ರಲ್ಲಿ ಅಲ್ಲಿನ ಮಿಷನ್ ಶಾಲೆಗೆ ಬಂದರು. ಹುಡುಗರಲ್ಲಿ ಬಹುಪಾಲು ಕಾಶ್ಮೀರಿ ಪಂಡಿತರ ಮಕ್ಕಳು. ಮರುವರ್ಷ ಅವರು ಮುಂಬಯಿಗೆ ಹೋಗಿ ಬರುವಾಗ ಒಂದು ಫುಟ್‌ಬಾಲ್ ತಂದರು. ಇದು ಯಾವುದರಿಂದ ಮಾಡಿದ್ದು ಎಂದು ಹುಡುಗರು ಕೇಳಿದರು. ಚರ್ಮ ಎಂದ ಕೂಡಲೇ ಮುಟ್ಟುವುದಿಲ್ಲ ಎಂದರು. ಬಿಸ್ಕೋ ಬಿಡಲಿಲ್ಲ. ಮೈದಾನದ ಸುತ್ತ ಮಾಸ್ತರರ ಕೈಗೆ ಕೋಲು ಕೊಟ್ಟು ನಿಲ್ಲಿಸಿ ಆಟ ಆಡಿಸಿದರು. ಚೆಂಡು ಒಬ್ಬ ಹುಡುಗನ ಮುಖಕ್ಕೆ ಬಡಿಯಿತು. ಮೈಲಿಗೆಯಾಯಿತೆಂದು ಅವನು ಅತ್ತಾಗ ಕಾಲುವೆಗೆ ಕರೆದೊಯ್ದು ತೊಳೆಸಿ ಮತ್ತೆ ಆಟಕ್ಕೆ ಹಚ್ಚಿದರು. ಇದನ್ನು ಬರೆದಿಟ್ಟವರು ಸ್ವತಃ ಬಿಸ್ಕೋ ಅವರೇ.

ಕೋಲು ಹಿಡಿದು ಕಲಿಸಿದ್ದು ಒಗ್ಗಟ್ಟೇ? ನಮಗೆ ಹಾಗೆ ಅನಿಸುವುದಿಲ್ಲ, ಅದು ವಿಧೇಯತೆ ಅಷ್ಟೇ. ಆದರೆ ಅವರನ್ನು ಅಲ್ಲಿಗೇ ಬಿಟ್ಟರೆ ಅನ್ಯಾಯವಾಗುತ್ತದೆ. ಅದೇ ಶಾಲೆಯಲ್ಲಿ ದೋಣಿ ನಡೆಸುವುದನ್ನು, ಈಜುವುದನ್ನು ಕಲಿಸಿದರು. ಹದಿಮೂರು ತುಂಬಿದ ಮೇಲೂ ಈಜು ಬಾರದ ಹುಡುಗನಿಗೆ ಶುಲ್ಕ ಹೆಚ್ಚು! ಮುಂದೆ ಝೀಲಂ ನದಿಗೆ ಪ್ರವಾಹ ಬಂದಾಗ, ಊರಿಗೆ ಬೆಂಕಿ ಬಿದ್ದಾಗ, ಕಾಲರಾ ಹರಡಿದಾಗ ಆ ಹುಡುಗರೇ ಹೊರಗೆ ಬಂದು ದುಡಿದರು. ಆಟದಲ್ಲಿ ಕಲಿತದ್ದು ಆಟದ ಹೊರಗೆ ಉಪಯೋಗಕ್ಕೆ ಬಂದ ಉದಾಹರಣೆ ಇದು.

ಚರ್ಮದ ಮಾತು ಬಂದದ್ದರಿಂದ ಇನ್ನೊಬ್ಬರ ಕಥೆ ಹೇಳಲೇಬೇಕು. ನಮ್ಮ ಧಾರವಾಡದಲ್ಲೇ ಹುಟ್ಟಿದವರು, ಆದರೂ ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ. ಪಾಲವಣಕರ ಬಾಳೂ. ಚರ್ಮದ ಕೆಲಸ ಮಾಡುವ, ಆಗ ಅಸ್ಪೃಶ್ಯವೆಂದು ಹೊರಗಿಟ್ಟಿದ್ದ ಸಮುದಾಯದವರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸಕ್ಕಿದ್ದ ಹುಡುಗ, ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯುತ್ತ ಎಡಗೈ ಸ್ಪಿನ್ ಬೌಲರ್ ಆದ. ಸಾಹೇಬರನ್ನು ಸೋಲಿಸಬೇಕೆಂಬ ಆಸೆ ಪುಣೆಯ ಹಿಂದೂ ತಂಡಕ್ಕೆ. ಬಾಳೂ ಇಲ್ಲದೆ ಅದು ಸಾಧ್ಯವಿರಲಿಲ್ಲ. ಹೀಗಾಗಿ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ಜಾಗ.

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಬಾಳೂ ಮತ್ತು ಅವರ ತಮ್ಮ ಶಿವರಾಮ ತಂಡದಲ್ಲಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು ಬಾಳೂ. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಕೊನೆಗೆ 1923ರಲ್ಲಿ ಅವರ ಇನ್ನೊಬ್ಬ ತಮ್ಮ ವಿಠ್ಠಲ ನಾಯಕರಾದರು, ತಂಡ ಗೆದ್ದಿತು.

ಇದನ್ನು ನಾವು ಏಳನೆಯ ಇಯತ್ತೆಯ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇವೆ. ಹೇಳಿದಾಗ ಮಕ್ಕಳು ಕೇಳುವ ಪ್ರಶ್ನೆ ದೊಡ್ಡವರು ಕೇಳುವುದಿಲ್ಲ: "ಬೇರೆ ಕುಡಿಕ್ಯಾಗ ಚಹಾ ಕೊಡಬೇಕಂತ ಆಟದ ಪುಸ್ತಕದಾಗ ಬರ್ದಿತ್ತೇನ್ರಿ?" ಇರಲಿಲ್ಲ. ಆಟದ ನಿಯಮ ಗೆರೆಯ ಒಳಗೆ ಎಲ್ಲರನ್ನೂ ಸರಿಸಮ ಮಾಡಿತ್ತು. ಗೆರೆಯ ಹೊರಗೆ ಊರಿನ ನಿಯಮ. ಅದಕ್ಕೇ ನಾವು ಆಟದ ತಾಸು ಮುಗಿದ ಮೇಲೆ ಹಲಗೆಯ ಮೇಲಿನ ಅಂಕಗಳಿಗಿಂತ ನೀರಿನ ನಳದ ಕಡೆ ಹೆಚ್ಚು ಕಣ್ಣಿಟ್ಟಿರುತ್ತೇವೆ. ಯಾರು ಯಾರ ಲೋಟ ಮುಟ್ಟುತ್ತಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್ನು ಗೆರೆಯ ಒಳಗಿನ ನಿಯಮಗಳ ಮಾತು. ಕೂಡಿ ಆಡುವುದನ್ನು ಬಾಯಿಮಾತಿನ ಉಪದೇಶದಿಂದ ಅಲ್ಲ, ನಿಯಮದಿಂದಲೇ ತರಬಹುದು ಎಂಬುದನ್ನು ಸ್ಪಷ್ಟವಾಗಿ ಮಾಡಿ ತೋರಿಸಿದವರು ಜೇಮ್ಸ್ ನೈಸ್ಮಿತ್. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆ, 1891ರ ಡಿಸೆಂಬರ್. ಹೊರಗೆ ಚಳಿ, ಒಳಗೆ ಕವಾಯತು ಮಾಡಿ ಬೇಸತ್ತ ಹದಿನೆಂಟು ಮಂದಿ ವಿದ್ಯಾರ್ಥಿಗಳು. ಹದಿನಾಲ್ಕು ದಿನದಲ್ಲಿ ಹೊಸ ಆಟ ಹುಡುಕು ಎಂದು ಮೇಲಿನವರ ಆಜ್ಞೆ. ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರಕ್ಕೆ ಹೊಡೆದು ಹದಿಮೂರು ನಿಯಮ ಬರೆದರು. ಅದರಲ್ಲಿ ಒಂದು, ಚೆಂಡು ಹಿಡಿದು ಓಡುವಂತಿಲ್ಲ. ಅಷ್ಟೇ! ಓಡುವಂತಿಲ್ಲವೆಂದ ಮೇಲೆ ಇನ್ನೊಬ್ಬನಿಗೆ ಕೊಡಲೇಬೇಕು. ಎಷ್ಟೇ ಗಟ್ಟಿಯಾಳಾದರೂ ಒಬ್ಬನೇ ಗೆಲ್ಲಲಾರ. ಬಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ಮುಂದೆ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬುವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದರು. ಅಲ್ಲಿ ತರಬೇತಿಯಾದ ದೈಹಿಕ ಶಿಕ್ಷಕರ ಮೂಲಕ ಈ ಬಗೆಯ ಆಟಗಳು ನಮ್ಮ ದೇಶದ ಶಾಲೆಗಳಿಗೆ ಬಂದವು.

ಆದರೆ ನಮ್ಮ ಮೈದಾನದಲ್ಲಿ ಬಾಸ್ಕೆಟ್‌ಬಾಲಿನ ಕಂಬವಿಲ್ಲ. ಇರುವುದು ಎರಡು ಬೇವಿನ ಮರ, ಸುಣ್ಣದ ಗೆರೆ. ಇದರಲ್ಲಿ ಆಡಬಹುದಾದ ಆಟಗಳಿಗೆ ಅಂಥ ನಿಯಮ ಬರೆದವರು ಪುಣೆ, ಬಡೋದೆಗಳ ಜನ.

ಪುಣೆಯ ಡೆಕ್ಕನ್ ಜಿಮಖಾನಾ 1906ರಲ್ಲಿ ಆರಂಭವಾಯಿತು. ಸಾಹೇಬರ ಆಟದ ಎದುರಿಗೆ ನಮ್ಮ ಆಟಗಳೂ ನಿಲ್ಲಬೇಕು ಎಂಬ ಹುರುಪಿನ ಕಾಲ ಅದು. ಖೋಖೋಗೆ ನಿಯಮ ಬರೆಯಲು 1914ರಲ್ಲಿ ಪುಣೆಯಲ್ಲಿ ಸಮಿತಿ ಕೂಡಿತು, 1924ರಲ್ಲಿ ಬಡೋದೆಯಿಂದ ನಿಯಮಗಳು ಅಚ್ಚಾಗಿ ಬಂದವು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಸೊಲ್ಲಾಪುರ ಎಲ್ಲವೂ ಒಂದೇ ಮುಂಬಯಿ ಇಲಾಖೆ. ನಡುವೆ ಅಕ್ಕಲಕೋಟೆ, ಜತ್ತದಂಥ ಸಂಸ್ಥಾನಗಳು. ಈಗಿನ ಗಡಿ ಬಂದದ್ದು 1956ರಲ್ಲಿ. ಅದಕ್ಕೇ ಇರಬೇಕು, ಗಡಿಯ ಈಚೆ ಆಚೆ ಎರಡೂ ಕಡೆಯ ಹುಡುಗರ ಖೋಖೋ ಒಂದೇ ತರಹ.

ಖೋಖೋ ಆಟವನ್ನು ಗಮನಿಸಿ. ಬೆನ್ನಟ್ಟುವ ತಂಡದ ಎಂಟು ಜನ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ, ಒಬ್ಬ ಈ ಕಡೆ ಮುಖ ಮಾಡಿದರೆ ಪಕ್ಕದವನು ಆ ಕಡೆ. ಒಂಬತ್ತನೆಯವನು ಬೆನ್ನಟ್ಟುತ್ತಾನೆ. ಓಡುವವನು ಸಾಲಿನ ನಡುವೆ ಬೇಕಾದ ಹಾಗೆ ನುಸುಳಬಹುದು. ಬೆನ್ನಟ್ಟುವವನು ಮಾತ್ರ ಸಾಲು ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ತಿರುಗುವಂತಿಲ್ಲ. ಕಂಬ ಸುತ್ತಿ ಬರಬೇಕು, ಇಲ್ಲವೇ ಆ ಕಡೆ ಮುಖ ಮಾಡಿ ಕುಳಿತವನ ಬೆನ್ನು ಮುಟ್ಟಿ 'ಖೋ' ಎನ್ನಬೇಕು. ಎಂದರೆ, ನಿನ್ನ ಕೈಲಿ ಆಗದ್ದನ್ನು ಅವನಿಗೆ ಒಪ್ಪಿಸಿ ನೀನು ಕೂಡು! ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ ಖೋಖೋದಲ್ಲಿ ಮೊದಮೊದಲು ದಂಡಕ್ಕೆ ಬಿದ್ದಂತೆ. ಅವನಿಗೆ ಖೋ ಕೊಡಲು ಮನಸ್ಸೇ ಬರುವುದಿಲ್ಲ, ತಾನೇ ಹಿಡಿಯಬೇಕು. ಕಂಬದಿಂದ ಕಂಬಕ್ಕೆ ಓಡಿ ಓಡಿ ಸುಸ್ತಾಗುತ್ತಾನೆ. ಹದಿನೈದು ದಿನ ಬೇಕಾಗುತ್ತದೆ ಅವನಿಗೆ ತಿಳಿಯಲು. ನಾವು ಏನೂ ಹೇಳುವುದಿಲ್ಲ. ಪುಣೆಯ ಸಮಿತಿಯವರು ಆಗಲೇ ಹೇಳಿಬಿಟ್ಟಿದ್ದಾರಲ್ಲ.

ನಮಗೆ ಇದಕ್ಕಿಂತ ಹೆಚ್ಚು ಸೋಜಿಗವೆನಿಸುವುದು ಕಬಡ್ಡಿ. ನಮ್ಮ ಕಡೆ ಹಳಬರು ಇಂದಿಗೂ ಹುತುತು ಎನ್ನುತ್ತಾರೆ, ತಮಿಳರು ಚಡುಗುಡು, ಬಂಗಾಳಿಗಳು ಹಾಡುಡು. ಊರಿಗೊಂದು ಹೆಸರಿದ್ದಂತೆ ಊರಿಗೊಂದು ನಿಯಮವೂ ಇತ್ತು. ಬರೆದಿಡುವ ಕಾಲ ಬಂದಾಗ ಅವುಗಳಲ್ಲಿ ಮೂರು ಬಗೆಗಳನ್ನು ಗುರುತಿಸಿದರು. ಮೂರರಲ್ಲೂ ದಾಳಿ ಒಂದೇ, ಹಿಡಿತ ಒಂದೇ. ಬೇರೆ ಇರುವುದು ಒಂದೇ ಸಂಗತಿ: ಔಟಾದವನನ್ನು ಏನು ಮಾಡಬೇಕು?

ಗಾಮಿನಿ ಪದ್ಧತಿಯಲ್ಲಿ ಔಟಾದವನು ಹೊರಗೇ. ಅವನ ತಂಡದ ಎಲ್ಲರೂ ಔಟಾಗುವವರೆಗೆ ಅವನಿಗೆ ಆಟವಿಲ್ಲ. ಅಮರ್ ಪದ್ಧತಿಯಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ. ಎದುರಾಳಿಗೆ ಅಂಕ ಸಿಗುತ್ತದೆ, ಔಟಾದವನು ಒಳಗೇ ಉಳಿದು ಆಡುತ್ತಾನೆ. ಮೂರನೆಯದು ಸಂಜೀವಿನಿ. ಇದರಲ್ಲಿ ಔಟಾದವನು ಹೊರಗೆ ಹೋಗುತ್ತಾನೆ, ಆದರೆ ಅವನ ಜೊತೆಯವರು ಎದುರಾಳಿಯ ಒಬ್ಬನನ್ನು ಔಟ್ ಮಾಡಿದರೆ ಇವನು ಜೀವ ಬಂದು ಒಳಗೆ ಬರುತ್ತಾನೆ.

ಬಡೋದೆಯಲ್ಲಿ 1923ರಲ್ಲಿ ಹಿಂದ್ ವಿಜಯ ಜಿಮಖಾನಾ ಅಖಿಲ ಭಾರತ ಸ್ಪರ್ಧೆ ನಡೆಸಿತು. ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದವರು 1936ರ ಬರ್ಲಿನ್ ಒಲಿಂಪಿಕ್ಸಿನ ವೇಳೆ ಅಲ್ಲಿ ಕಬಡ್ಡಿ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಶನ್ ಆಯಿತು, 1952ರಲ್ಲಿ ಮದರಾಸಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ, 1955ರಲ್ಲಿ ಕಲಕತ್ತೆಯಲ್ಲಿ ಮಹಿಳೆಯರದು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್. ಆದರೆ ಮಹಿಳಾ ಕಬಡ್ಡಿ ಏಷ್ಯನ್ ಗೇಮ್ಸಿಗೆ ಹೋಗಲು 2010ರ ಗ್ವಾಂಗ್‌ಝೌವರೆಗೆ ಕಾಯಬೇಕಾಯಿತು! ಈ ಎಲ್ಲ ದಾರಿಯಲ್ಲಿ ಗಾಮಿನಿ, ಅಮರ್ ಹಿಂದೆ ಉಳಿದವು. ಅಧಿಕೃತ ಆಟವಾಗಿ ಉಳಿದದ್ದು ಸಂಜೀವಿನಿ. ಟಿ.ವಿ.ಯಲ್ಲಿ 2014ರಿಂದ ಬರುತ್ತಿರುವ ಪ್ರೊ ಕಬಡ್ಡಿಯೂ ಇದೇ ನಿಯಮದ್ದು.

ಆ ನಿಯಮದಲ್ಲಿ ಒಂದು ಸಣ್ಣ ಸಾಲಿದೆ, ಅನೇಕರು ಲಕ್ಷ್ಯ ಕೊಡುವುದಿಲ್ಲ. ಜೀವ ಬರುವುದು ಔಟಾದ ಕ್ರಮದಲ್ಲೇ. ಮೊದಲು ಹೋದವನು ಮೊದಲು ಬರಬೇಕು. ನಾಯಕನಿಗೆ ಬೇಕಾದವನನ್ನು ಕರೆಯುವಂತಿಲ್ಲ. ಈ ಸಾಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಓಣಿಯ ಕಬಡ್ಡಿಯಲ್ಲಿ ಯಾರಾದರೂ ನೋಡಬಹುದು. ಗಟ್ಟಿ ರೈಡರ್ ಔಟಾದರೆ ಮರುಕ್ಷಣ ಅವನೇ ಒಳಗೆ, ಆಗಿನಿಂದ ಕುಳಿತ ಸಣ್ಣ ಹುಡುಗ ಕುಳಿತೇ ಇರುತ್ತಾನೆ. ಕ್ರಮದ ನಿಯಮವಿದ್ದಾಗ ಗಟ್ಟಿಯವನನ್ನು ಒಳಗೆ ತರಬೇಕಾದರೆ ಮೊದಲು ಆ ಸಣ್ಣವನನ್ನು ತರಲೇಬೇಕು. ಬಂದ ಮೇಲೆ ಅವನು ಮತ್ತೆ ಸುಮ್ಮನೆ ಔಟಾಗಬಾರದು, ಅದಕ್ಕೆ ಅವನ ಪಕ್ಕ ಒಬ್ಬ ನಿಲ್ಲಬೇಕು, ಕೈ ಹಿಡಿದು ಸರಪಳಿ ಮಾಡಬೇಕು. 'ಅವನಿಗೂ ಆಟ ಕೊಡ್ರೋ' ಎಂದು ಮಾಸ್ತರರು ಕೂಗುವ ಕೆಲಸ ನಿಯಮವೇ ಮಾಡುತ್ತದೆ. ಹಾಗೆಯೇ ಒಳಗೆ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ದಾಳಿಗೆ ಬಂದವನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಇದಕ್ಕೆ ಸೂಪರ್ ಟ್ಯಾಕಲ್ ಎನ್ನುತ್ತಾರೆ. ಕಡಿಮೆಯಾದವರ ಪರವಾಗಿ ನಿಯಮ ತುಸು ವಾಲಿದೆ.

ಮೂರು ಪದ್ಧತಿಗಳ ಈ ಇತಿಹಾಸ ಗೊತ್ತಾದ ಮೇಲೆ ನಮ್ಮ ಆಟದ ತಾಸು ಬೇರೆಯಾಯಿತು. ಐದನೆಯ ಇಯತ್ತೆಯವರಿಗೆ ಅಮರ್ ಆಡಿಸುತ್ತೇವೆ. ಆ ವಯಸ್ಸಿನಲ್ಲಿ ಹೊರಗೆ ಕೂರಿಸಿದರೆ ಅಷ್ಟಕ್ಕೇ ಮಗು ಆಟ ಬಿಡುತ್ತದೆ, ಒಳಗಿದ್ದರೆ ದಮ್ಮು ಹಿಡಿಯುವುದನ್ನಾದರೂ ಕಲಿಯುತ್ತದೆ. ಏಳನೆಯವರಿಗೆ ಸಂಜೀವಿನಿ. ಹೊರಗೆ ನಿಲ್ಲುವುದು ಹೇಗಿರುತ್ತದೆ, ಬೇರೆಯವರು ತನಗಾಗಿ ಆಡಿ ಒಳಗೆ ಕರೆಯುವುದು ಹೇಗಿರುತ್ತದೆ ಎರಡೂ ತಿಳಿಯುವ ವಯಸ್ಸು ಅದು. ಗಾಮಿನಿಯನ್ನು ವರ್ಷಕ್ಕೆ ಒಂದೇ ದಿನ ಆಡಿಸಿ, ಮೊದಲು ಔಟಾದವನಿಗೆ ಎಷ್ಟು ಹೊತ್ತು ಕುಳಿತೆ ಎಂದು ಎಲ್ಲರ ಮುಂದೆ ಕೇಳುತ್ತೇವೆ. ಅಷ್ಟು ಸಾಕು.

ನಮ್ಮ ಆವರಣದಲ್ಲಿ ಕನ್ನಡ ಶಾಲೆ ಮತ್ತು ಮರಾಠಿ ಶಾಲೆ ಎರಡಕ್ಕೂ ಒಂದೇ ಮೈದಾನ. ಮೊದಲು ಎರಡೂ ಶಾಲೆಯ ನಡುವೆ ಪಂದ್ಯ ಇಡುತ್ತಿದ್ದೆವು. ಪಂದ್ಯ ಮುಗಿದ ಮೇಲೆ ಊರೊಳಗೂ ಅದೇ ಮಾತು, ಕನ್ನಡದವರು ಸೋತರು, ಮರಾಠಿಯವರು ಗೆದ್ದರು. ಕೆಲವು ವರ್ಷಗಳಿಂದ ಅದನ್ನು ಬಿಟ್ಟು ಚೀಟಿ ಎತ್ತಿಸಿ ಕೂಡಿಸಿ ತಂಡ ಮಾಡುತ್ತಿದ್ದೇವೆ. ಸರಪಳಿ ಹಿಡಿಯುವಾಗ ಒಬ್ಬ "ಹಿಡಿಯೋ" ಎನ್ನುತ್ತಾನೆ, ಪಕ್ಕದವನು "ಪಕಡ್" ಎನ್ನುತ್ತಾನೆ, ಕೈ ಮಾತ್ರ ಬಿಡುವುದಿಲ್ಲ.

ತಾಲೂಕಾ ಸ್ಪರ್ಧೆಗೆ ಮಾತ್ರ ಹೀಗೆ ಕೂಡಿಸಿದ ತಂಡ ನಡೆಯುವುದಿಲ್ಲ, ಒಂದು ತಂಡಕ್ಕೆ ಒಂದೇ ಶಾಲೆಯ ಹೆಸರು. ಕನ್ನಡ ಶಾಲೆಯ ಪಟಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿರುವುದು ಗಡಿನಾಡಿನ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಈ ವರ್ಷ ನಮ್ಮ ಏಳನೆಯ ಇಯತ್ತೆಯಲ್ಲಿ ಹುಡುಗಿಯರು ನಾಲ್ವರೇ. ಕಬಡ್ಡಿಗೆ ಅಂಕಣದಲ್ಲಿ ಏಳು ಮಂದಿ ಬೇಕು. ಆರನೆಯದರಿಂದ ಇಬ್ಬರು, ಐದನೆಯದರಿಂದ ಒಬ್ಬಳು ಸೇರಿ ಏಳಾಗಿದ್ದಾರೆ. ಆ ಐದನೆಯ ಇಯತ್ತೆಯವಳು ಇಷ್ಟು ದಿನ ಅಮರ್ ಆಡಿದವಳು. ಔಟಾದರೂ ಹೊರಗೆ ಹೋಗದೆ ಅಂಕಣದಲ್ಲೇ ನಿಂತುಬಿಡುತ್ತಾಳೆ. "ಹೊರಗ ಹೋಗು ತಂಗಿ, ನಾವು ಕರ್ಕೊಳ್ತೀವಿ" ಎಂದು ದೊಡ್ಡವರು ದಿನಾ ಸಂಜೆ ಅವಳಿಗೆ ಹೇಳಿಕೊಡುತ್ತಿದ್ದಾರೆ.